ಮದ್ದು ಕೊಡಲು ಕಲಿತ ಶನಿವಾರಗಳು

ಆ ಹೆಣ್ಣುಮಗುವಿಗೆ ಮದ್ದು ಹೆಚ್ಚು ಕೊಟ್ಟದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೂ ಕೊನೆಗೆ ಅಲ್ಲಿಗೇ ಬರಬೇಕು.

ಬಿ.ಸಿ.ರೋಡಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಒಂದು ಬಾಡಿಗೆ ಮನೆಯಲ್ಲಿ ನಡೆಯುವ ಶಿಶುಪಾಲನಾ ಕೇಂದ್ರದಲ್ಲಿ ನಾನು ಕೆಲಸಕ್ಕಿದ್ದೇನೆ. ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆಯವರೆಗೆ ಹದಿನೈದೋ ಹದಿನಾರೋ ಮಕ್ಕಳು. ತಾಯಂದಿರು ಬ್ಯಾಂಕು, ಶಾಲೆ, ಬಟ್ಟೆ ಅಂಗಡಿ, ಕೋರ್ಟು ಎಂದು ಹೋಗುವವರು. ಅದಕ್ಕೆ ಮೊದಲು ಇಪ್ಪತ್ತು ವರ್ಷ ನಾನು ಸಿದ್ಧಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವಳು. ಕೆಲಸ ಕಡಿಮೆಯಾಗುತ್ತಾ ಬಂದು, ವಾರಕ್ಕೆ ಎರಡು ದಿನಕ್ಕಾಗುವಷ್ಟು ಎಲೆಯೂ ಸಿಗದಂತಾದಾಗ ಪರಿಚಯದವರೊಬ್ಬರು ಇಲ್ಲಿಗೆ ಸೇರಿಸಿದರು. ಕೇಂದ್ರ ನಡೆಸುವವರು ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಮಕ್ಕಳನ್ನು ಎತ್ತುವುದು, ತೊಳೆಯುವುದು, ಉಣ್ಣಿಸುವುದು, ಮಲಗಿಸುವುದು ನನ್ನ ಪಾಲಿನ ಕೆಲಸ. ಮದ್ದು ಕೊಡುವುದೂ ಅದರಲ್ಲೇ ಸೇರಿತ್ತು. ಅದೊಂದು ಬೇರೆ ಕೆಲಸ ಎಂದು ಯಾರಿಗೂ ಅನಿಸಿರಲಿಲ್ಲ. ಮಗುವಿನ ಚೀಲದಲ್ಲಿ ಊಟದ ಡಬ್ಬಿ ಇರುತ್ತದೆ, ಬದಲಿ ಬಟ್ಟೆ ಇರುತ್ತದೆ, ಶೀತದ ದಿನಗಳಲ್ಲಿ ಒಂದು ಸೀಸೆಯೂ ಇರುತ್ತದೆ. ಅಷ್ಟೇ.

ಆ ಮಗುವಿಗೆ ಆಗ ಎರಡು ವರ್ಷ. ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳ ಮನೆಯದು. ತಾಯಿ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು, ತಂದೆ ಸೌದಿಯಲ್ಲಿದ್ದರು. ಮನೆಯಲ್ಲಿ ಆರು ತಿಂಗಳ ಗಂಡುಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಮಂಡಿನೋವಿನ ಆ ಹಿರಿಯರಿಗೆ ಎರಡು ಮಕ್ಕಳ ಹಿಂದೆ ಓಡಲು ಆಗದೆಂದು ದೊಡ್ಡದನ್ನು ನಮ್ಮಲ್ಲಿ ಬಿಡುತ್ತಿದ್ದರು. ಮಾತು ಕಡಿಮೆಯ ಮಗು. ನನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು.

ಆ ದಿನ ತಾಯಿ ಆಟೋವನ್ನು ಗೇಟಿನ ಹತ್ತಿರ ನಿಲ್ಲಿಸಿಯೇ ಇಟ್ಟು, ಮಗುವನ್ನು ನನ್ನ ಕೈಗೆ ಕೊಟ್ಟರು.

"ಮೈ ಸ್ವಲ್ಪ ಬೆಚ್ಚಗೆ ಉಂಟು. ಮದ್ದು ಚೀಲದಲ್ಲಿ ಇಟ್ಟಿದ್ದೇನೆ. ಜ್ವರ ಬಂದರೆ ಒಂದು ಚಮಚ ಕೊಡಿ, ಆಯ್ತಾ?"

ಹೀಗೆ ಹೇಳಿದರು ಎಂದು ನನ್ನ ನೆನಪು. ಹನ್ನೊಂದು ಗಂಟೆಗೆ ಮಗುವಿನ ಹಣೆ ಸುಡುತ್ತಿತ್ತು. ಚೀಲದಲ್ಲಿ ಒಂದು ಸಣ್ಣ ಸೀಸೆ ಸಿಕ್ಕಿತು. ಮೇಲೆ ಇಂಗ್ಲಿಷಿನಲ್ಲಿ ಸಾಸಿವೆಯಂಥ ಅಕ್ಷರಗಳು. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು, ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲೆ. ಅವತ್ತು ಓದಲು ಹೋಗಲಿಲ್ಲ. ಸೀಸೆಯ ಜೊತೆಗೆ ರಬ್ಬರಿನ ತಲೆಯ ಒಂದು ಸಣ್ಣ ನಳಿಕೆ ಇತ್ತು. ಅದು ಯಾಕೆ ಇದೆ ಎಂದು ನಾನು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಅಡುಗೆಮನೆಯಿಂದ ಸ್ಟೀಲಿನ ಚಮಚ ತಂದು, ತುಂಬಿಸಿ ಕುಡಿಸಿದೆ. ಮಗು ಮುಖ ಸಿಂಡರಿಸಿಕೊಂಡು ನುಂಗಿತು. ಬಾಯಿ ಒರೆಸಿ ಮಲಗಿಸಿದೆ.

ಊಟದ ಬಿಡುವಿನಲ್ಲಿ ತಾಯಿ ಫೋನ್ ಮಾಡಿದರು.

"ಜ್ವರ ಹೇಗುಂಟು?"

"ಇಳಿದಿದೆ. ಒಂದು ಚಮಚ ಕೊಟ್ಟೆ. ಮಲಗಿದೆ."

"ಎಷ್ಟು ದೊಡ್ಡ ಸೀಸೆ ಅದು?"

"ಸಣ್ಣದು. ಹೆಬ್ಬೆರಳಿನಷ್ಟು ಉದ್ದ."

ಆ ಕಡೆ ಹಿಂದಿನಿಂದ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು. ಆಮೇಲೆ ಅವರು, "ಅಲ್ಲಾ, ಅದು ಸಣ್ಣವನದ್ದು. ಅದು ಹನಿ ಲೆಕ್ಕದ್ದು," ಎಂದರು. ಫೋನ್ ಕಟ್ಟಾಯಿತು. ಉಳಿದ ಮಕ್ಕಳನ್ನು ಕೆಲಸದ ಇನ್ನೊಬ್ಬಳಿಗೆ ಒಪ್ಪಿಸಿ ಟೀಚರ್ ಮತ್ತು ನಾನು ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು, ತಾಯಿ ಶಾಲೆಯಿಂದ ನೇರ ಅಲ್ಲಿಗೇ ಬಂದರು.

ದೊಡ್ಡ ಮಕ್ಕಳಿಗೆ ಕೊಡುವ ಜ್ವರದ ಮದ್ದು ಬೇರೆ, ಎಳೆಗೂಸುಗಳಿಗೆ ಹನಿಯಲ್ಲಿ ಕೊಡುವುದು ಬೇರೆ. ಎಳೆಗೂಸು ಹೆಚ್ಚು ಕುಡಿಯಲಾರದು, ಅದಕ್ಕೆ ಸ್ವಲ್ಪದರಲ್ಲೇ ಹೆಚ್ಚು ಮದ್ದು ಇರುವ ಹಾಗೆ ಮಾಡಿರುತ್ತಾರೆ. ಇದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಬೆಳಗಿನ ಗಡಿಬಿಡಿಯಲ್ಲಿ ಮನೆಯಲ್ಲಿ ತಮ್ಮನ ಸೀಸೆ ಅಕ್ಕನ ಚೀಲಕ್ಕೆ ಬಿದ್ದಿತ್ತು. ಬೇಕಾದದ್ದಕ್ಕಿಂತ ಮೂರು ಪಟ್ಟು ಆಗಿದೆ ಎಂದು ಡಾಕ್ಟರು ಹೇಳಿದರು. ಒಂದೇ ಸಲ ಆದ್ದರಿಂದ ಹೆದರುವುದು ಬೇಡ, ಆದರೂ ಸಂಜೆಯವರೆಗೆ ಇಲ್ಲೇ ಇರಲಿ, ರಕ್ತ ಪರೀಕ್ಷೆ ಮಾಡುವ ಎಂದರು.

ಟೀಚರ್ ಮತ್ತು ನಾನು ಹೊರಗಿನ ಬೆಂಚಿನಲ್ಲಿ ಕೂತೆವು. ರಕ್ತ ತೆಗೆಯುವಾಗ ಮಗು ಅತ್ತದ್ದು ಕೇಳಿಸಿತು. ತಾಯಿ ಹೊರಗೆ ಬಂದು ನನ್ನ ಎದುರು ನಿಂತರು.

"ನಾನು ಚಮಚ ಅಂತ ಹೇಳಿಲ್ಲ. ಬರೆದಷ್ಟು ಕೊಡಿ ಅಂತ ಹೇಳಿದ್ದು."

"ಚಮಚ ಅಂತಲೇ ಹೇಳಿದ್ರಿ ಮೇಡಂ."

"ಹೇಳಿಲ್ಲ. ಒಂದು ಕಣ್ಣಾಡಿಸಿ ನೋಡ್ಲಿಕ್ಕೆ ಆಗಲಿಲ್ಲವಾ ನಿಮಗೆ?"

ಸಂಜೆ ಪರೀಕ್ಷೆಯ ಫಲ ಬಂತು. ಏನೂ ತೊಂದರೆ ಇಲ್ಲ, ಕರೆದುಕೊಂಡು ಹೋಗಿ ಎಂದರು. ತಾಯಿಯ ಹೆಗಲ ಮೇಲಿದ್ದ ಮಗು ನನ್ನನ್ನು ನೋಡಿ ಕೈ ಚಾಚಿತು. ತಾಯಿ ಆ ಕೈಯನ್ನು ಮೆಲ್ಲನೆ ಒಳಗೆ ಮಡಚಿಕೊಂಡು ಮೆಟ್ಟಿಲು ಇಳಿದರು. ಮರುದಿನದಿಂದ ಮಗು ಬರಲಿಲ್ಲ.

ಆ ವಾರವೇ ಉಳಿದ ತಂದೆತಾಯಿಗಳು ಸೇರಿದರು. ಕೆಲವರು ನನ್ನನ್ನು ತೆಗೆಯಬೇಕು ಎಂದರು. ಕೆಲವರು ಸುಮ್ಮನಿದ್ದರು, ಅವರಲ್ಲಿ ಇಬ್ಬರು ಹಿಂದಿನ ದಿನವಷ್ಟೇ ಚೀಲದಲ್ಲಿ ಸೀಸೆ ಇಟ್ಟು ಬಾಯಿಮಾತಿನಲ್ಲಿ ಹೇಳಿ ಹೋದವರು. ಟೀಚರ್ ಎಲ್ಲವನ್ನೂ ಕೇಳಿ, "ತಪ್ಪು ಇವಳೊಬ್ಬಳದ್ದಲ್ಲ. ಮದ್ದು ಕೊಡ್ಲಿಕ್ಕೆ ಕಲಿಸದೆ ಕೊಡ್ಲಿಕ್ಕೆ ಹೇಳಿದ್ದು ನಾನು. ಇನ್ನು ತರಬೇತಿ ಆದವರು ಮಾತ್ರ ಕೊಡ್ತಾರೆ. ಬರೆದುಕೊಟ್ಟರೆ ಮಾತ್ರ ಕೊಡ್ತಾರೆ," ಎಂದರು.

ತರಬೇತಿ ಮೂಡುಬಿದಿರೆಯಲ್ಲಿ. ನಿವೃತ್ತ ನರ್ಸ್ ಒಬ್ಬರು ಆರು ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಮದ್ದು ಕೊಡುವ ಕ್ರಮ ಕಲಿಸುತ್ತಿದ್ದರು. ಕೊನೆಗೆ ಪರೀಕ್ಷೆ ಉಂಟು ಎಂದು ಮನೆಯಲ್ಲಿ ಹೇಳಿದೆ. ನನ್ನ ಗಂಡ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವವರು, ಮುಂಜಾನೆಯೇ ಎದ್ದು ಮಧ್ಯಾಹ್ನಕ್ಕೆ ಬಳಲಿ ಮಲಗುವವರು.

"ಐವತ್ತು ದಾಟಿದ ಮೇಲೆ ಎಂತ ಪರೀಕ್ಷೆ ನಿನಗೆ? ಬಿಟ್ಟುಬಿಡು ಮಾರಾಯ್ತಿ. ಬೇರೆ ಎಲ್ಲಿಯಾದ್ರೂ ಕೆಲಸ ನೋಡುವ."

ನನಗೂ ಹಾಗೆಯೇ ಅನಿಸಿತ್ತು. ಬಿಡದೆ ಇದ್ದದ್ದು ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಬಿಟ್ಟರೆ ಆಸ್ಪತ್ರೆಯ ಆ ಬೆಂಚಿನಲ್ಲಿ ಕೂತದ್ದೇ ನನ್ನ ಕೆಲಸದ ಕೊನೆ ಆಗುತ್ತಿತ್ತು, ಅದು ಬೇಡವಾಗಿದ್ದಿರಬಹುದು.

ಶನಿವಾರ ಮಧ್ಯಾಹ್ನದವರೆಗೆ ಕೇಂದ್ರದ ಕೆಲಸ, ಮತ್ತೆ ಬಸ್ಸು. ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸು ನನ್ನ ಊರಿನ ಮೇಲೆಯೇ ಹಾದು ಹೋಗುತ್ತದೆ. ಸಿದ್ಧಕಟ್ಟೆ ಬಂದಾಗ ಇಳಿದು ಮನೆಗೆ ಹೋಗಿ ಮಲಗುವ ಎಂದು ಪ್ರತಿ ವಾರವೂ ಆಸೆಯಾಗುತ್ತಿತ್ತು. ಕಾಲು ಎಳೆಯುತ್ತಿತ್ತು. ಇಳಿಯದೆ ಕೂತಿರುವುದೇ ಒಂದು ಕೆಲಸ.

ತರಗತಿಯಲ್ಲಿ ನಾವು ಹನ್ನೊಂದು ಜನ, ಎಲ್ಲರೂ ಹೆಂಗಸರು. ನನ್ನ ಪಕ್ಕ ಕೂರುತ್ತಿದ್ದವಳು ಗುರುವಾಯನಕೆರೆಯವಳು, ಬೆಳ್ತಂಗಡಿಯ ಒಂದು ಬಾಲವಾಡಿಯಲ್ಲಿ ಕೆಲಸ ಮಾಡುವವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ನಾವು ತುಳುವಿನಲ್ಲಿ ಪಿಸುಗುಟ್ಟಿದರೆ ನರ್ಸಮ್ಮ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ, "ಪ್ರಶ್ನೆ ಇದ್ದರೆ ಎಲ್ಲರಿಗೂ ಕೇಳುವಂತೆ ಕೇಳಿ," ಎನ್ನುತ್ತಿದ್ದರು.

ಮೊದಲ ದಿನ ಅವರು ಸೀಸೆ ಹಿಡಿಯಲು ಬಿಡಲೇ ಇಲ್ಲ. ಮದ್ದಿಗೆ ಕೈ ಹಾಕುವ ಮೊದಲು ಐದು ಸಂಗತಿ ನೋಡಬೇಕು ಎಂದರು. ಮಗು ಇದೇಯೋ, ಮದ್ದು ಇದೇಯೋ, ಅಳತೆ ಇಷ್ಟೇಯೋ, ಹೊತ್ತು ಇದೇಯೋ, ಕೊಡುವುದು ಬಾಯಿಗೋ ಮೂಗಿಗೋ ಕಣ್ಣಿಗೋ. ಸೀಸೆಯನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ ಓದಬೇಕು, ಅಳೆಯುವಾಗ ಒಮ್ಮೆ, ತಿರುಗಿ ಇಡುವಾಗ ಮತ್ತೊಮ್ಮೆ. ಕೊಟ್ಟ ಕೂಡಲೇ ಬರೆಯಬೇಕು, ಆಮೇಲೆ ಬರೆಯುತ್ತೇನೆ ಎಂದು ಬಿಡಬಾರದು. ಹಿಂದಿನ ಸಲ ಮನೆಯಲ್ಲಿ ಎಷ್ಟು ಗಂಟೆಗೆ ಕೊಟ್ಟಿದ್ದಾರೆ ಎಂದು ಕೇಳದೆ ಕೊಡಬಾರದು. ಅಡುಗೆಮನೆಯ ಚಮಚ ಮುಟ್ಟಲೇಬಾರದು, ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ.

ಅಡುಗೆಮನೆಯ ಚಮಚ ಎಂದಾಗ ನಾನು ತಲೆ ತಗ್ಗಿಸಿದೆ. ನನ್ನ ಕಥೆ ಅವರಿಗೆ ಗೊತ್ತಿರಲಿಲ್ಲ. ಎರಡನೆಯ ಶನಿವಾರ ನಾನೇ ಎದ್ದು ನಿಂತು ಹೇಳಿದೆ. ಯಾರಾದರೂ ಬೈಯುತ್ತಾರೆ ಎಂದುಕೊಂಡಿದ್ದೆ. ನರ್ಸಮ್ಮ, "ಕೂತುಕೊಳ್ಳಿ," ಎಂದರು. ಮತ್ತೆ, "ನಾನೂ ಒಮ್ಮೆ ತಪ್ಪಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ. ಪುಣ್ಯಕ್ಕೆ ರೋಗಿ ಉಳಿದರು," ಎಂದು ಹೇಳಿ, ಪಾಠ ಮುಂದುವರಿಸಿದರು.

ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಎಳೆದು ಅಳೆಯುವುದು ಮೂರನೆಯ ವಾರದ ಪಾಠ. ಬೀಡಿ ಕಟ್ಟಿದ ಕೈ, ಎಲೆಯಲ್ಲಿ ಹೊಗೆಸೊಪ್ಪಿನ ಪುಡಿ ಒಂದು ಚಿಟಿಕೆ ಹೆಚ್ಚಾದರೂ ಬೆರಳಿಗೆ ಗೊತ್ತಾಗುತ್ತಿತ್ತು. ಇದು ನನಗೆ ಸುಲಭ ಎಂದುಕೊಂಡೆ. ಆದರೆ ಅಲ್ಲಿಂದ ಮೂರು ವಾರವೂ ನನ್ನ ಅಳತೆ ತಪ್ಪುತ್ತಿತ್ತು. ಪರೀಕ್ಷೆಯ ದಿನ ಎರಡೂವರೆ ಎಂಎಲ್ ತೋರಿಸಲು ಹೇಳಿದರು. ಎಳೆದು ಕೊಟ್ಟೆ. ನರ್ಸಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ಎಷ್ಟು?"

"ಎರಡೂವರೆ."

"ಇನ್ನೊಮ್ಮೆ ನೋಡಿ."

"ಎರಡೂವರೆಯೇ ಅಲ್ಲವಾ?"

"ಮೂರು. ಮತ್ತೆ ಮಾಡಿ."

ಮತ್ತೆ ಮಾಡಿದೆ. ಎರಡು ಬಂತಂತೆ. ಪಕ್ಕದಲ್ಲಿ ಗುರುವಾಯನಕೆರೆಯವಳು ಕತ್ತು ಚಾಚಿ ನೋಡುತ್ತಿದ್ದಳು. ನನ್ನ ಬುದ್ಧಿಗೆ ಇದು ಹತ್ತುವುದಿಲ್ಲ, ಗಂಡ ಹೇಳಿದ್ದೇ ಸರಿ ಎಂದುಕೊಂಡೆ. ನರ್ಸಮ್ಮ ಮೇಜಿನ ಮೇಲಿದ್ದ ದಿನಪತ್ರಿಕೆ ಎತ್ತಿ ನನ್ನ ಕೈಗೆ ಕೊಟ್ಟು ಸಣ್ಣ ಅಕ್ಷರದ ಒಂದು ಸಾಲು ಓದಲು ಹೇಳಿದರು. ನಾನು ಪತ್ರಿಕೆಯನ್ನು ದೂರ ಹಿಡಿದೆ. ಇನ್ನೂ ಸ್ವಲ್ಪ ದೂರ ಹಿಡಿದೆ. ಕೈ ಪೂರ್ತಿ ಚಾಚಿದರೂ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿಯುತ್ತಿದ್ದವು.

"ಕನ್ನಡಕ ಎಲ್ಲಿ?"

"ಇಲ್ಲ."

"ಯಾವಾಗಿನಿಂದ ಹೀಗೆ?"

ಯಾವಾಗಿನಿಂದ ಎಂದು ನಾನು ಗಮನಿಸಿರಲಿಲ್ಲ. ಸೂಜಿಗೆ ನೂಲು ಹಾಕುವುದನ್ನು ಬಿಟ್ಟು ಕೆಲವು ವರ್ಷ ಆಗಿತ್ತು. ಮೊಬೈಲಿನಲ್ಲಿ ಬಂದದ್ದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವುದು ರೂಢಿಯಾಗಿತ್ತು.

"ನಿಮಗೆ ಪಾಠ ಬರುತ್ತದೆ. ಕಣ್ಣು ತೋರಿಸಿಕೊಂಡು ಮುಂದಿನ ಶನಿವಾರ ಬನ್ನಿ. ಪರೀಕ್ಷೆ ಮತ್ತೆ ಮಾಡುವ," ಎಂದರು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ತಾಯಿ ಏನೇ ಹೇಳಿರಲಿ, ಅವತ್ತು ನಾನು ಆ ಸೀಸೆಯನ್ನು ಓದಲು ಹೋಗಿದ್ದರೂ ನನಗೆ ಕಾಣುತ್ತಿರಲಿಲ್ಲ. ಚಮಚ ಎಂದು ಹೇಳಿದ್ದು ಅವರೇ ಎಂಬ ಒಂದು ಮಾತನ್ನು ಅಷ್ಟು ದಿನ ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ಅದರ ಹಿಡಿತ ಅಲ್ಲೇ ಸಡಿಲವಾಯಿತು. ಅತ್ತು ಹಗುರಾಗುವಂಥದ್ದೇನೂ ಅಲ್ಲ. ಮೈಯೆಲ್ಲ ಭಾರವಾಗಿ, ಕಿಟಕಿಯ ಸರಳಿಗೆ ತಲೆಯಾನಿಸಿದೆ.

ಕನ್ನಡಕ ಹಾಕಿಕೊಂಡು ಏಳನೆಯ ಶನಿವಾರ ಹೋದೆ. ಸಿರಿಂಜಿನ ಮೇಲೆ ಅಷ್ಟೊಂದು ಗೆರೆಗಳಿವೆ ಎಂದು ತಿಳಿದದ್ದೇ ಆಗ. ಪಾಸಾಯಿತು. ಪ್ರಮಾಣಪತ್ರವನ್ನು ಟೀಚರ್ ಕಚೇರಿಯ ಗೋಡೆಗೆ ಅಂಟಿಸಿದರು.

ಕಲಿತ ಮೇಲೆ ಕೆಲಸ ಹಗುರವಾಗಲಿಲ್ಲ, ಹೆಚ್ಚಾಯಿತು. ದಿನವೂ ಬೆಳಿಗ್ಗೆ ಗೇಟಿನಲ್ಲಿ ನಿಂತು ಚೀಟಿ ಕೇಳಬೇಕು. ಡಾಕ್ಟರು ಬರೆದದ್ದು ಎಲ್ಲಿ? ಮನೆಯಲ್ಲಿ ಕೊನೆಯ ಸಲ ಎಷ್ಟು ಗಂಟೆಗೆ ಕೊಟ್ರಿ? ಇಲ್ಲಿ ಸಹಿ ಮಾಡಿ. ಬಸ್ಸಿಗೆ ಹೊತ್ತಾದವರು ಮುಖ ಗಂಟಿಕ್ಕುತ್ತಾರೆ. ಒಬ್ಬ ತಂದೆ ಕೆಮ್ಮಿನ ಮದ್ದನ್ನು ನೀರಿನ ಬಾಟಲಿಯ ಹಿಂದೆ ಅಡಗಿಸಿ ಇಟ್ಟು, ಆಮೇಲೆ ಫೋನ್ ಮಾಡಿ ಕೊಡಿ ಎಂದರು. ಯಾರೋ ನೆರೆಮನೆಯವರ ಮಗುವಿಗೆ ಬರೆದುಕೊಟ್ಟ ಮದ್ದು ಅದು.

"ಆಗುವುದಿಲ್ಲ ಸರ್. ಇವನ ಹೆಸರು ಇದರಲ್ಲಿ ಇಲ್ಲ."

"ನಾನು ಅಪ್ಪ ಹೇಳ್ತಾ ಇದ್ದೇನೆ ಅಲ್ವಾ? ನೀವು ದೊಡ್ಡ ಡಾಕ್ಟರಾ?"

"ಅಲ್ಲ. ಅದಕ್ಕೇ ಕೊಡುವುದಿಲ್ಲ."

ಸಂಜೆ ಬಂದು ಎಲ್ಲರೆದುರು ಕೂಗಾಡಿದರು. ನಾನು ಸೀಸೆಯನ್ನು ಅವರ ಕೈಗೇ ತಿರುಗಿ ಕೊಟ್ಟೆ. ಹೀಗೆ ದಿನಕ್ಕೆ ಒಂದಾದರೂ ಇರುತ್ತಿತ್ತು. ಮಕ್ಕಳು ಮಲಗಿದ ಹೊತ್ತಿನಲ್ಲಿ ಮದ್ದು ಕೊಟ್ಟದ್ದನ್ನು ಬರೆದಿಡುವ ಪುಸ್ತಕವನ್ನು ಚೀಟಿಗಳ ಜೊತೆ ತಾಳೆ ನೋಡುತ್ತಾ ಕೂತು, ಮೊದಲು ಕಾಲು ಚಾಚಲು ಸಿಗುತ್ತಿದ್ದ ಆ ಅರ್ಧ ಗಂಟೆಯೂ ಹೋಯಿತು.

ಒಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಆ ತಾಯಿ ಗೇಟಿನಲ್ಲಿ ನಿಂತಿದ್ದರು. ಕಂಕುಳಲ್ಲಿ ಗಂಡುಮಗು, ಸೀಸೆಯ ನಿಜವಾದ ಒಡೆಯ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ದೊಡ್ಡವಳು ಶಾಲೆಯ ಪುಟ್ಟ ತರಗತಿಗೆ ಹೋಗುತ್ತಾಳೆ ಎಂದರು. ಇವನಿಗೆ ಉಬ್ಬಸ. ಉಸಿರು ಕಟ್ಟಿದರೆ ಇನ್‌ಹೇಲರ್ ಪಂಪು ಒತ್ತಿ ಮದ್ದು ಎಳೆಸಬೇಕು. ಬೇರೆ ಎರಡು ಕಡೆ ವಿಚಾರಿಸಿದರೆ, ಅದೆಲ್ಲ ನಮಗೆ ಗೊತ್ತಿಲ್ಲ, ಮಗು ಬೇಡ ಎಂದರಂತೆ.

ಟೀಚರ್ ಅರ್ಜಿ ಕೊಟ್ಟರು. ತಾಯಿ ಮೇಜಿನ ಬಳಿ ಕೂತು ಬರೆಯುತ್ತಾ, ಅಳತೆಯ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿದರು. ನನ್ನ ಕಡೆ ನೋಡದೆ ಹೇಳಿದರು.

"ಅವತ್ತು ನಾನು ಎಂತ ಹೇಳಿದೆ ಅಂತ ನನಗೆ ಈಗ ಸರಿ ನೆನಪಿಲ್ಲ. ಚಮಚ ಅಂತ ಹೇಳಿದ್ದೇನೋ ಏನೋ. ಆಟೋದವ ಹಾರ್ನ್ ಹಾಕ್ತಾ ಇದ್ದ."

"ನನಗೂ ಗೊತ್ತಿಲ್ಲ ಮೇಡಂ. ನೀವು ಹೇಳದಿದ್ರೂ ನಾನು ಓದಬೇಕಿತ್ತು. ಆಗ ನನಗೆ ಕಣ್ಣು ಸರಿ ಕಾಣ್ತಿರಲಿಲ್ಲ."

ಅವರು ತಲೆಯೆತ್ತಿ ನನ್ನ ಕನ್ನಡಕ ನೋಡಿದರು. ಮತ್ತೆ ಬರೆಯುವುದನ್ನು ಮುಗಿಸಿದರು. ನಾವಿಬ್ಬರೂ ಕ್ಷಮೆ ಕೇಳಲಿಲ್ಲ. ಕೇಳಲು ಇಬ್ಬರಲ್ಲೂ ತ್ರಾಣ ಇದ್ದ ಹಾಗೆ ಕಾಣಲಿಲ್ಲ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಬ್ಯಾಗಿನಿಂದ ಪಂಪು, ಅದಕ್ಕೆ ಸಿಕ್ಕಿಸುವ ಕೊಳವೆ, ಮಗುವಿನ ಮುಖಕ್ಕೆ ಹಿಡಿಯುವ ಮಾಸ್ಕು ತೆಗೆದು, ಬಳಸುವ ಕ್ರಮವನ್ನು ಒಂದೊಂದಾಗಿ ನನಗೆ ತೋರಿಸಿದರು. ಡಾಕ್ಟರ ಚೀಟಿಯ ಮೇಲೆ ಮಗುವಿನ ಹೆಸರು, ಮದ್ದಿನ ಹೆಸರು, ಎಷ್ಟು ಸಲ ಒತ್ತಬೇಕು, ಕಡಿಮೆಯಾಗದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಇತ್ತು. ನಾನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಅವರು ಹೂಂ ಹೂಂ ಎನ್ನುತ್ತಾ ಕೇಳಿದರು.

ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ದಿನ, ಹೊರಗೆ ಹೆದ್ದಾರಿಯ ಕೆಲಸದ ಧೂಳು ತುಂಬಿತ್ತು. ಊಟಕ್ಕೆ ಕೂತ ಮಗು ತುತ್ತು ಬಿಟ್ಟಿತು. ಎದೆಯೊಳಗಿಂದ ಸಣ್ಣ ಸೀಟಿಯಂಥ ಸದ್ದು. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುತ್ತಿತ್ತು. ಟೀಚರ್ ತಾಯಿಗೆ ಫೋನ್ ಮಾಡಿದರು, ಎತ್ತಲಿಲ್ಲ. ತರಗತಿಯಲ್ಲಿರುವಾಗ ಅವರ ಫೋನು ಸ್ಟಾಫ್ ರೂಮಿನಲ್ಲಿ ಇರುತ್ತದೆ. ಶಾಲೆಯ ಕಚೇರಿಗೆ ಫೋನ್ ಮಾಡಿ ತಿಳಿಸಲು ಹೇಳಿದರು.

ನಾನು ಕಪಾಟು ತೆರೆದೆ. ಹೆಸರು ಓದಿದೆ. ಚೀಟಿ ಓದಿದೆ. ಪಂಪನ್ನು ಅಲುಗಾಡಿಸಿ ಕೊಳವೆಗೆ ಸಿಕ್ಕಿಸಿ, ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಮಾಸ್ಕು ಹಿಡಿದೆ. ಅದು ಎರಡೂ ಕೈಗಳಿಂದ ನೂಕಿತು, ಕಾಲಿನಿಂದ ಒದೆಯಿತು. ಒಮ್ಮೆ ಒತ್ತಿದೆ. ಮಾಸ್ಕು ಬಿಡದೆ ಆರು ಉಸಿರು ಎಣಿಸಿದೆ. ಮತ್ತೆ ಅಲುಗಾಡಿಸಿ ಇನ್ನೊಮ್ಮೆ ಒತ್ತಿ, ಮತ್ತೆ ಆರು. ಗಡಿಯಾರ ನೋಡಿದೆ, ಹನ್ನೆರಡು ಗಂಟೆ ಹತ್ತು ನಿಮಿಷ. ಟೀಚರ್ ಆಟೋ ತರಿಸಿ ಗೇಟಿನಲ್ಲಿ ನಿಲ್ಲಿಸಿದ್ದರು. ಕಾದೆವು. ಮಗುವಿನ ಬೆನ್ನಿಗೆ ನನ್ನ ಅಂಗೈ ಇತ್ತು. ಒಳಗಿನ ಸೀಟಿ ತೆಳುವಾಗುತ್ತಾ ಬಂದದ್ದು ಕಿವಿಗಿಂತ ಮೊದಲು ಆ ಅಂಗೈಗೆ ತಿಳಿಯಿತು. ಹದಿನೈದು ನಿಮಿಷದಲ್ಲಿ ಮಗು ತಟ್ಟೆಯ ಕಡೆ ಕೈ ತೋರಿಸಿತು.

ಪುಸ್ತಕ ಎಳೆದುಕೊಂಡು ಬರೆದೆ. ಅಕ್ಷರ ಸೊಟ್ಟಗೆ ಬಂದವು, ಆದರೂ ಓದಬಹುದಿತ್ತು. ತಾಯಿ ಏದುಸಿರು ಬಿಡುತ್ತಾ ಬಂದಾಗ ಮಗು ಮೊಸರನ್ನ ತಿನ್ನುತ್ತಿತ್ತು. ಅವರು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿದರು.

"ಎಷ್ಟು ಗಂಟೆಗೆ ಕೊಟ್ರಿ?"

"ಹನ್ನೆರಡು ಹತ್ತಕ್ಕೆ. ಎರಡು ಸಲ. ಬರೆದಿದ್ದೇನೆ ನೋಡಿ."

ನೋಡಿದರು. ಮತ್ತೆ ನೆಲದ ಮೇಲೆ, ಮಕ್ಕಳ ಚಾಪೆಯ ಅಂಚಿನಲ್ಲಿ ನನ್ನ ಪಕ್ಕವೇ ಕೂತುಬಿಟ್ಟರು. ಇಬ್ಬರೂ ಗೋಡೆಗೆ ಒರಗಿಕೊಂಡೆವು. "ಒಮ್ಮೆ ಡಾಕ್ಟರಿಗೆ ತೋರಿಸಿ ಬರ್ತೇನೆ," ಎಂದರು, ಆದರೆ ಕೂಡಲೇ ಏಳಲಿಲ್ಲ. ಟೀಚರ್ ಇಬ್ಬರಿಗೂ ಚಹಾ ತಂದುಕೊಟ್ಟರು.

ಅವರು ಹೋದ ಮೇಲೆ ಟೀಚರ್ ನನ್ನನ್ನು ಮೂರೂವರೆಯ ಬಸ್ಸಿಗೇ ಬಿಟ್ಟರು. ಕಿಟಕಿಯ ಬದಿ ಸೀಟು ಸಿಕ್ಕಿತು. ಬಂಟ್ವಾಳ ಪೇಟೆ ದಾಟಿದ್ದು ಗೊತ್ತು, ಮತ್ತೆ ಗೊತ್ತಿಲ್ಲ. ಕಂಡಕ್ಟರ್ ಭುಜ ತಟ್ಟಿ, "ಅಕ್ಕಾ, ನಿಮಗೆ ಸಿದ್ಧಕಟ್ಟೆ ಅಲ್ಲವಾ? ಹೋಯ್ತಲ್ಲ ಅದು," ಎಂದು ಎಬ್ಬಿಸಿದಾಗ ಎರಡು ಸ್ಟಾಪ್ ಮುಂದೆ ಬಂದಾಗಿತ್ತು. ಇಳಿದೆ. ವಾಪಸ್ ಬಸ್ಸು ಯಾವಾಗ ಎಂದು ಯಾರನ್ನೂ ಕೇಳಲು ಹೋಗದೆ, ರಸ್ತೆ ಬದಿಯ ನೆರಳಿನಲ್ಲಿ ನಿಧಾನವಾಗಿ ಮನೆಯ ಕಡೆ ನಡೆದೆ.